ಲಗ್ನಪತ್ರಿಕೆ: ನೋಡಲಿಕ್ಕೋ, ಓದಲಿಕ್ಕೋ?

ತುಳಸಿ ಲಗ್ನ ಮುಗಿಯಿತೆಂದರೆ ಸಾಕು, ಬೆಳಗಾವಿಯ ಖಡೇಬಜಾರ, ಗಣಪತ್ ಗಲ್ಲಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸೀರೆ, ಬಂಗಾರ, ಬಾಸಿಂಗಗಳ ಖರೀದಿಗೆ ಬಂದವರು ತಪ್ಪದೇ ಹೋಗುವ ಇನ್ನೊಂದು ತಾಣ ಲಗ್ನಪತ್ರಿಕೆಯ ಅಂಗಡಿ. ಸುಮಾರು 26 ಕಿ.ಮೀ. ದೂರದ ಖಾನಾಪುರದಿಂದಲೂ ಜನ ಬರುತ್ತಾರೆ. ಮಾದರಿಗಳ ರಾಶಿ ಮುಂದೆ ಬಿದ್ದಾಗ ಯಾವುದನ್ನು ಆರಿಸಬೇಕೆಂದು ತಿಳಿಯದೆ ತಬ್ಬಿಬ್ಬಾಗುವವರೇ ಹೆಚ್ಚು.

ಖಾನಾಪುರದ ಕಡೆಯ ರೈತನೊಬ್ಬ ಮಗನ ಲಗ್ನಕ್ಕೆಂದು ಕಡು ಕೆಂಪು ಕಾಗದದ ಮೇಲೆ ಬಂಗಾರದ ಅಕ್ಷರಗಳು ಹೊಳೆಯುವ ಪತ್ರಿಕೆಯನ್ನು ಮೆಚ್ಚಿದನೆನ್ನೋಣ. ಜೊತೆಗೆ ಬಂದ, ಹತ್ತನೆಯ ತರಗತಿಯ ಮಗಳು ಅದನ್ನು ತಿರುಗಿಸಿ ನೋಡಿ, “ಅಪ್ಪಾ, ಇದು ಭಾಳ ಛಂದ ಐತಿ ಖರೆ, ಅಜ್ಜಗ ಓದಾಕ ಬರೂದಿಲ್ಲ ನೋಡು” ಎಂದರೆ ಅವಳ ಮಾತಿನಲ್ಲಿ ವಿಜ್ಞಾನವಿದೆ.

ಬಂಗಾರವಲ್ಲದ ಬಂಗಾರ

ಪತ್ರಿಕೆಯ ಮೇಲಿನ ‘ಬಂಗಾರ’ ಸಾಮಾನ್ಯವಾಗಿ ಅಲ್ಯುಮಿನಿಯಂ. ಪಾಲಿಯೆಸ್ಟರ್ ಹಾಳೆಯ ಮೇಲೆ ಅದರ ಅತಿ ತೆಳು ಪದರವಿರುತ್ತದೆ; ಹಳದಿ ಬಣ್ಣದ ಅರಗಿನಂಥ ಲೇಪದಿಂದ ಅದಕ್ಕೆ ಬಂಗಾರದ ಕಳೆ ಬರುತ್ತದೆ. ಕಾಯಿಸಿದ ಅಚ್ಚಿನಿಂದ ಒತ್ತಿದಾಗ ಪದರ ಕಾಗದಕ್ಕೆ ಅಂಟಿಕೊಳ್ಳುತ್ತದೆ. ಅದು ಕನ್ನಡಿಯಂತೆ ಬೆಳಕನ್ನು ಒಂದೇ ದಿಕ್ಕಿಗೆ ಹಿಂದಿರುಗಿಸುವುದರಿಂದ, ಒಂದು ಕೋನದಲ್ಲಿ ಕಣ್ಣು ಕುಕ್ಕುತ್ತದೆ, ಇನ್ನೊಂದು ಕೋನದಲ್ಲಿ ಅಕ್ಷರ ಮಂಕಾಗುತ್ತದೆ. ಕಣ್ಣಿನ ಪೊರೆ ಬಂದ ಹಿರಿಯರಿಗೆ ಪ್ರಖರ ಬೆಳಕು ಇನ್ನಷ್ಟು ತೊಂದರೆ ಕೊಡುತ್ತದೆ. ಆದ್ದರಿಂದ ಬಂಗಾರದ ಬಣ್ಣ ಗಣಪತಿಯ ಚಿತ್ರಕ್ಕೆ, ಅಂಚಿನ ಬಳ್ಳಿಗೆ ಇರಲಿ. ಮುಹೂರ್ತ, ಸ್ಥಳ, ಹೆಸರುಗಳು ತಿಳಿ ಕಾಗದದ ಮೇಲೆ ಕಡು ಬಣ್ಣದಲ್ಲಿರಲಿ.

ಎರಡು ಲಿಪಿ, ಒಂದು ಹಾಳೆ

ಬೆಳಗಾವಿ, ಖಾನಾಪುರಗಳಲ್ಲಿ ಬೀಗರು, ನೆರೆಯವರು ಕನ್ನಡ, ಮರಾಠಿ ಎರಡೂ ಮಾತಿನವರಿರುವುದುಂಟು. ಎರಡೂ ಲಿಪಿಗಳಲ್ಲಿ ಅಚ್ಚು ಹಾಕಿಸುವಾಗ ಒಂದು ಎಚ್ಚರ ಬೇಕು. ದೇವನಾಗರಿಯ ತಲೆಗೆರೆ ಮೇಲಿರುತ್ತದೆ. ಕನ್ನಡದ ಒತ್ತಕ್ಷರ ಸಾಲಿನ ಕೆಳಗಿಳಿಯುತ್ತದೆ. ಕನ್ನಡದ ಸಾಲುಗಳ ನಡುವೆ ಸಾಕಷ್ಟು ಜಾಗ ಬಿಡದಿದ್ದರೆ ಒತ್ತುಗಳು ಕೆಳಗಿನ ಸಾಲಿಗೆ ತಾಗಿ ಓದು ಕೆಡುತ್ತದೆ. ಪ್ರೂಫ್ ತಿದ್ದುವ ಕೆಲಸವನ್ನು ಮನೆಯ ವಿದ್ಯಾರ್ಥಿಗೇ ವಹಿಸಬಹುದು. ವಾರ ಮತ್ತು ತಾರೀಖು ಹೊಂದುತ್ತವೆಯೇ ಎಂಬುದನ್ನು ಪಂಚಾಂಗದೊಡನೆ ತಾಳೆ ನೋಡುವುದನ್ನು ಮರೆಯಬಾರದು.

ಕಲ್ಲಿನಿಂದ ಆಫ್‌ಸೆಟ್‌ಗೆ

ಈ ಅಚ್ಚಿನ ಹಿಂದೆ ಹಳೆಯ ಕಥೆಯಿದೆ. ಎಣ್ಣೆ ಮತ್ತು ನೀರು ಬೆರೆಯುವುದಿಲ್ಲವೆಂಬ ಸರಳ ಸತ್ಯದ ಮೇಲೆ ಜರ್ಮನಿಯ ಸೆನೆಫೆಲ್ಡರ್ 1796ರ ಸುಮಾರಿಗೆ ಕಲ್ಲಚ್ಚನ್ನು ಕಂಡುಹಿಡಿದ. 1843ರಲ್ಲಿ ಹೊರಬಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವೂ ಮೊದಲು ಕಲ್ಲಚ್ಚಿನಲ್ಲೇ ಮುದ್ರಣಗೊಂಡಿತು. ಆಫ್‌ಸೆಟ್ ಯಂತ್ರದಲ್ಲಿ ಕಲ್ಲಿನ ಬದಲು ಲೋಹದ ಹಾಳೆ; ತತ್ವ ಮಾತ್ರ ಅದೇ.

ತೂಕದ ಲೆಕ್ಕ

ಕಾಗದದ ದಪ್ಪವನ್ನು ಅಂಗಡಿಯವರು ‘ಜಿ.ಎಸ್.ಎಂ.’ನಲ್ಲಿ ಹೇಳುತ್ತಾರೆ. ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಎಂಬುದೇ ಅದರ ಅರ್ಥ. 20 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದದ ಹಾಳೆಯ ವಿಸ್ತೀರ್ಣ 0.06 ಚದರ ಮೀಟರ್. 300 ಜಿ.ಎಸ್.ಎಂ. ಆದರೆ ಒಂದು ಪತ್ರಿಕೆಗೆ 18 ಗ್ರಾಂ. ಐದು ನೂರಕ್ಕೆ 9 ಕಿಲೋ. ಅದೇ 120 ಆದರೆ 3.6 ಕಿಲೋ ಮಾತ್ರ. ಪ್ಲಾಸ್ಟಿಕ್ ಲೇಪವಿಲ್ಲದಿದ್ದರೆ ರದ್ದಿಗೂ ಸುಲಭ. ಉಳಿದ ಹಣ ಆ ಹತ್ತನೆಯ ತರಗತಿಯ ಹುಡುಗಿಯ ಪುಸ್ತಕಕ್ಕಾದರೂ ಆದೀತು.

ಆ ಹುಡುಗಿಯ ಹೆಸರೇ ಅವಸರದಿಂದ ಲಗ್ನಪತ್ರಿಕೆಯಲ್ಲಿ ಬರಬಾರದೆಂಬುದೂ ನೆನಪಿರಲಿ. 2006ರ ಕಾನೂನಿನಂತೆ ವಧುವಿಗೆ 18, ವರನಿಗೆ 21 ವರ್ಷ ತುಂಬಿರಲೇಬೇಕು. ಮಾದರಿಗಳನ್ನು ನೋಡುವ ಮೊದಲು ನೋಡಬೇಕಾದದ್ದು ಜನ್ಮದಾಖಲೆ.

ಕೊನೆಗೆ, ಪತ್ರಿಕೆಯ ಮೂಲೆಗೆ ಹಚ್ಚಿದ ಅರಿಶಿನಕ್ಕೆ ಒಂದು ಹನಿ ಸಾಬೂನು ನೀರು ಬಿಟ್ಟು ನೋಡಿ: ಕೆಂಪಾಗುತ್ತದೆ. ನಿಂಬೆರಸ ಹಾಕಿದರೆ ಮತ್ತೆ ಹಳದಿ. ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದೂ ಇದೇ ಗುಣದಿಂದ. ಎಷ್ಟೇ ಬೆಲೆಯ ಪತ್ರಿಕೆಯಾದರೂ ಮಂಗಳಕರವಾಗುವುದು ಆ ಚಿಟಿಕೆ ಅರಿಶಿನದಿಂದ, ಮನೆಬಾಗಿಲಿಗೆ ಬಂದು “ಎಲ್ಲಾರೂ ಬರಬೇಕ್ರಿ” ಎಂದು ಕರೆಯುವ ಬಾಯಿಮಾತಿನಿಂದ.