ಹಗುರ ಪಿಸ್ತೂಲಿನಲ್ಲಿ ಮೊದಲು ಫ್ರೇಮ್ ನೋಡಿ: ಹಳೆಯ ಕೋಲ್ಟ್ ಕಮಾಂಡರ್ ಪರೀಕ್ಷೆ ಮತ್ತು ದುರಸ್ತಿ

ಅಮೆರಿಕದಲ್ಲಿ ಸೆಕೆಂಡ್‌ಹ್ಯಾಂಡ್ ಪಿಸ್ತೂಲು ನೋಡಲು ಹೋದವರ ಕಣ್ಣು ಮೊದಲು ಬೀಳುವುದು ನಳಿಗೆಯ ಮೇಲೆ, ಆಮೇಲೆ ಹೊರಮೈ ಬಣ್ಣದ ಮೇಲೆ. ಉಕ್ಕಿನ ಪಿಸ್ತೂಲಿಗೆ ಇದು ನಡೆದೀತು. ಕೋಲ್ಟ್ ಕಂಪನಿಯ ಲೈಟ್‌ವೇಟ್ ಕಮಾಂಡರ್‌ನಂಥ ಹಗುರ ಪಿಸ್ತೂಲಿಗೆ ನಡೆಯದು. ಅದರಲ್ಲಿ ಮೊದಲು ನೋಡಬೇಕಾದದ್ದು ಅಲ್ಯೂಮಿನಿಯಂ ಫ್ರೇಮನ್ನು. ನಳಿಗೆ, ಸ್ಪ್ರಿಂಗ್, ಮ್ಯಾಗಜಿನ್, ಟ್ರಿಗರ್ ಎಲ್ಲಕ್ಕೂ ಹೊಸ ಭಾಗ ಸಿಗುತ್ತದೆ. ಫ್ರೇಮ್ ಕೆಟ್ಟರೆ ಆ ಪಿಸ್ತೂಲು ಮುಗಿದಂತೆಯೇ. ಅಮೆರಿಕದ ಕಾನೂನಿನ ಲೆಕ್ಕದಲ್ಲೂ ಸೀರಿಯಲ್ ನಂಬರ್ ಹೊತ್ತ ಫ್ರೇಮೇ ಬಂದೂಕು, ಮಿಕ್ಕಿದ್ದೆಲ್ಲ ಬಿಡಿಭಾಗ. ಆದ್ದರಿಂದ ಪರೀಕ್ಷೆ ಮಾಡುವಾಗಲೂ ಹೊಸ ಭಾಗ ಹಾಕುವಾಗಲೂ ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಇದರಿಂದ ಫ್ರೇಮ್ ಉಳಿಯುತ್ತದೆಯೇ, ಸವೆಯುತ್ತದೆಯೇ?

ಹಗುರಾದದ್ದು ಹೇಗೆ

ಜಾನ್ ಬ್ರೌನಿಂಗ್ ರೂಪಿಸಿದ .45 ಪಿಸ್ತೂಲನ್ನು ಅಮೆರಿಕದ ಸೇನೆ 1911ರಲ್ಲಿ ಸ್ವೀಕರಿಸಿತು. ಅದರ ನಳಿಗೆ 5 ಇಂಚು, ತೂಕ ಸುಮಾರು 1,100 ಗ್ರಾಂ. ಎರಡನೇ ಮಹಾಯುದ್ಧದ ನಂತರ ಅಧಿಕಾರಿಗಳಿಗಾಗಿ ಇನ್ನೂ ಚಿಕ್ಕ, ಇನ್ನೂ ಹಗುರ ಪಿಸ್ತೂಲನ್ನು ಸೇನೆ ಹುಡುಕತೊಡಗಿತು. ಕೋಲ್ಟ್ ನಳಿಗೆಯನ್ನು 4.25 ಇಂಚಿಗೆ ಇಳಿಸಿ, ಫ್ರೇಮನ್ನು ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಮಾಡಿತು. ಸೇನೆ ಅದನ್ನು ಕೊಳ್ಳಲಿಲ್ಲ. ಆದರೆ 1950ರ ಹೊತ್ತಿಗೆ ಅದೇ ವಿನ್ಯಾಸ ಕಮಾಂಡರ್ ಎಂಬ ಹೆಸರಿನಲ್ಲಿ ಜನಸಾಮಾನ್ಯರ ಅಂಗಡಿಗೆ ಬಂತು. 1970ರ ಸುಮಾರಿಗೆ ಪೂರ್ತಿ ಉಕ್ಕಿನ ಕಾಂಬ್ಯಾಟ್ ಕಮಾಂಡರ್ ಬಂದಾಗ ಹಳೆಯದಕ್ಕೆ ಲೈಟ್‌ವೇಟ್ ಎಂಬ ವಿಶೇಷಣ ಸೇರಿತು. ಅದರ ತೂಕ ಸುಮಾರು 760 ಗ್ರಾಂ. ದಿನವಿಡೀ ಸೊಂಟಕ್ಕೆ ಕಟ್ಟಿಕೊಳ್ಳುವವರಿಗೆ ಈ ವ್ಯತ್ಯಾಸ ದೊಡ್ಡದು.

ತೂಕ ಇಳಿದರೂ ಪೆಟ್ಟು ಇಳಿಯಲಿಲ್ಲ. ಗುಂಡು ಹಾರಿದಾಗ ನಳಿಗೆ ಮತ್ತು ಸ್ಲೈಡ್ ಒಂದಕ್ಕೊಂದು ಬೆಸೆದುಕೊಂಡೇ ಸ್ವಲ್ಪ ಹಿಂದೆ ಸರಿಯುತ್ತವೆ. ನಳಿಗೆಯ ಅಡಿಯಲ್ಲಿರುವ ಪುಟ್ಟ ಕೊಂಡಿ ಅದನ್ನು ಕೆಳಗೆಳೆದಾಗ ಬೆಸುಗೆ ಬಿಡುತ್ತದೆ, ಸ್ಲೈಡ್ ಒಂಟಿಯಾಗಿ ಹಿಂದೆ ಓಡುತ್ತದೆ. ಎಕ್ಸ್‌ಟ್ರಾಕ್ಟರ್ ಖಾಲಿ ಕೋಶವನ್ನು ಹಿಡಿದೆಳೆಯುತ್ತದೆ, ಎಜೆಕ್ಟರ್ ಅದನ್ನು ಹೊರಗೆ ಚಿಮ್ಮಿಸುತ್ತದೆ, ಹ್ಯಾಮರ್ ಮತ್ತೆ ಎದ್ದು ನಿಲ್ಲುತ್ತದೆ. ಕೊನೆಗೆ ಸ್ಲೈಡ್ ಫ್ರೇಮಿಗೆ ಬಡಿದು ನಿಲ್ಲುತ್ತದೆ. ರಿಕಾಯಿಲ್ ಸ್ಪ್ರಿಂಗ್ ಅದನ್ನು ಮುಂದಕ್ಕೆ ತಳ್ಳುವಾಗ ಮ್ಯಾಗಜಿನ್‌ನ ಮೇಲಿನ ತೋಟಾ ಫ್ರೇಮಿನ ಇಳಿಜಾರನ್ನು ಹತ್ತಿ ಚೇಂಬರ್ ಸೇರುತ್ತದೆ. ಸ್ಲೈಡ್, ನಳಿಗೆ, ಪಿನ್ನುಗಳು ಎಲ್ಲ ಉಕ್ಕು. ಪ್ರತಿ ಗುಂಡಿಗೂ ಅವುಗಳ ಪೆಟ್ಟು ತಿನ್ನುವ ಫ್ರೇಮ್ ಮಾತ್ರ ಮೆದು ಲೋಹ. ಈ ಪಿಸ್ತೂಲಿನ ಕಾಯಿಲೆಗಳೆಲ್ಲ ಶುರುವಾಗುವುದು ಇಲ್ಲಿಂದ.

ಕೈಗೆತ್ತಿಕೊಂಡಾಗ

ಮೊದಲು ಮ್ಯಾಗಜಿನ್ ತೆಗೆಯಿರಿ, ಆಮೇಲೆ ಸ್ಲೈಡ್ ಹಿಂದಕ್ಕೆಳೆದು ನಿಲ್ಲಿಸಿ. ಈ ಕ್ರಮ ತಲೆಕೆಳಗಾದರೆ ಮ್ಯಾಗಜಿನ್‌ನಲ್ಲಿ ಉಳಿದ ತೋಟಾ ಮತ್ತೆ ಚೇಂಬರ್ ಸೇರುತ್ತದೆ. ಚೇಂಬರ್ ಖಾಲಿಯೇ ಎಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಿ. ನಿಜವಾದ ತೋಟಾಗಳು ಆ ಕೋಣೆಯಲ್ಲೇ ಇರಬಾರದು. ನಳಿಗೆಯ ಬಾಯಿ ಸದಾ ಯಾರೂ ಇಲ್ಲದ, ಗುಂಡು ತಡೆಯಬಲ್ಲ ದಿಕ್ಕಿಗಿರಲಿ.

ಫ್ರೇಮ್ ಹಗುರ ಲೋಹದ್ದೇ ಎಂದು ತಿಳಿಯಲು ಅಯಸ್ಕಾಂತ ಸಾಕು: ಸ್ಲೈಡಿಗೆ ಅಂಟುತ್ತದೆ, ಫ್ರೇಮಿಗೆ ಅಂಟುವುದಿಲ್ಲ. ಸೀರಿಯಲ್ ನಂಬರನ್ನು ಕಾಗದದೊಂದಿಗೆ ಹೋಲಿಸಿ. ಉಜ್ಜಿ ಅಳಿಸಿದ ಗುರುತಿದ್ದರೆ ಆ ಪಿಸ್ತೂಲನ್ನು ಮುಟ್ಟಲೇಬೇಡಿ. 1970ಕ್ಕೆ ಹಿಂದಿನ ಹಗುರ ಕಮಾಂಡರ್‌ಗಳ ನಂಬರಿನ ಕೊನೆಯಲ್ಲಿ ‘ಎಲ್‌ಡಬ್ಲ್ಯೂ’ ಎಂಬ ಅಕ್ಷರಗಳಿರುತ್ತವೆ. ಅಂಥದ್ದು ಮೂಲ ಸ್ಥಿತಿಯಲ್ಲಿ ಸಿಕ್ಕರೆ ಅದು ಸಂಗ್ರಾಹಕರ ವಸ್ತು. ಅದನ್ನು ಕೊರೆಯುವುದು, ಉಜ್ಜುವುದು, ಬಣ್ಣ ಬದಲಿಸುವುದು ಬೇಡ. ಬೇಕಾದ ಬದಲಾವಣೆಗೆ ಹೊಸ ಕಾಲದ ಪಿಸ್ತೂಲನ್ನು ಆರಿಸಿಕೊಳ್ಳಿ.

ಫ್ರೇಮಿನಲ್ಲಿ ಐದು ಜಾಗ

ಮಾರುವವರ ಒಪ್ಪಿಗೆ ಪಡೆದು ಪಿಸ್ತೂಲನ್ನು ಬಿಚ್ಚಿ, ಒಳ್ಳೆಯ ಬೆಳಕು ಮತ್ತು ಭೂತಗನ್ನಡಿ ಹಿಡಿದು ನೋಡಿ.

ಮೊದಲನೆಯದು ತೋಟಾ ಹತ್ತುವ ಇಳಿಜಾರು. ಇದು ಫ್ರೇಮಿನದೇ ಭಾಗ. ಟೊಳ್ಳು ಮೂತಿಯ ಗುಂಡುಗಳ ಅಂಚು, ಮ್ಯಾಗಜಿನ್ ಒಳಗಿನ ತೋಟಾ ಎತ್ತುವ ತಟ್ಟೆಯ ಮೂತಿ ಇಲ್ಲಿ ಬಡಿದು ನೆಗ್ಗು ಮಾಡುತ್ತವೆ. ಸಣ್ಣ ಹೊಳಪಿನ ಗೆರೆಗಳಿಗೆ ಹೆದರಬೇಕಿಲ್ಲ. ಉಗುರಿಗೆ ಸಿಗುವ ಗುಳಿ ಇದ್ದರೆ ಯೋಚಿಸಬೇಕು. ಹಿಂದಿನ ಮಾಲೀಕರು ಮೋಟಾರ್ ಉಪಕರಣದಿಂದ ಇಳಿಜಾರನ್ನು ಕನ್ನಡಿಯಂತೆ ಹೊಳೆಯಿಸಿದ್ದರೆ ಇನ್ನೂ ಕೆಟ್ಟದ್ದು. ಅಲ್ಯೂಮಿನಿಯಂಗೆ ಗಟ್ಟಿತನ ಕೊಡುವುದು ಮೇಲಿನ ಆನೊಡೈಸಿಂಗ್ ಪದರ. ಅದು ಹೋದರೆ ಅಡಿಯ ಲೋಹ ಬೇಗ ಸವೆಯುತ್ತದೆ, ಕೋನವೂ ಕೆಟ್ಟಿರುತ್ತದೆ.

ಎರಡನೆಯದು ಸ್ಲೈಡನ್ನು ತೆರೆದು ನಿಲ್ಲಿಸುವ ಸ್ಲೈಡ್ ಸ್ಟಾಪಿನ ಪಿನ್ ಹಾದುಹೋಗುವ ತೂತು ಮತ್ತು ಅದರ ಮೇಲೆ ಸ್ಲೈಡ್ ಓಡುವ ತೆಳು ಹಳಿ. ಬಿರುಕು ಕಾಣಿಸಿಕೊಳ್ಳುವ ಹೆಸರಾಂತ ಜಾಗ ಇದು. ತೂತು ದುಂಡಗೆ ಇರಬೇಕು. ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದರೆ ಪಿಸ್ತೂಲು ಬಹಳ ಪೆಟ್ಟು ತಿಂದಿದೆ.

ಮೂರನೆಯದು ಹಳಿಗಳು. ಕಪ್ಪು ಪದರ ಸವೆದು ಬೆಳ್ಳಗೆ ಕಾಣುವುದು ವಯಸ್ಸಿನ ಸಹಜ ಗುರುತು. ಲೋಹ ತರಿದು ಎದ್ದಿದ್ದರೆ ಎಣ್ಣೆಯಿಲ್ಲದೆ ಓಡಿಸಿದ್ದಾರೆ ಎಂದರ್ಥ.

ನಾಲ್ಕನೆಯದು ಎಡಬದಿಯ ಪ್ಲಂಜರ್ ಟ್ಯೂಬ್. ಹೆಬ್ಬೆರಳಿನ ಸೇಫ್ಟಿಯನ್ನು ಜಾಗದಲ್ಲಿ ಹಿಡಿದಿಡುವ ಸ್ಪ್ರಿಂಗ್ ಇದರೊಳಗಿದೆ. ಟ್ಯೂಬನ್ನು ಫ್ರೇಮಿನ ಒಳಗಡೆಯಿಂದ ಬಡಿದು ಕೂರಿಸಿರುತ್ತಾರೆ. ಉಗುರಿನಿಂದ ಅಲ್ಲಾಡಿಸಿದರೆ ಕದಲಬಾರದು. ಅದು ಸಡಿಲವಾದರೆ ಸೇಫ್ಟಿ ನಂಬಿಕೆಗೆ ಯೋಗ್ಯವಲ್ಲ.

ಐದನೆಯದು ಹಿಡಿಯ ಸ್ಕ್ರೂಗಳು ಕೂರುವ ಬುಷಿಂಗ್‌ಗಳು. ಸ್ಕ್ರೂ ಬಿಚ್ಚುವಾಗ ಬುಷಿಂಗೇ ತಿರುಗಿ ಬಂದರೆ ಫ್ರೇಮಿನ ಮರೆಗಳು ಸವೆದಿರಬಹುದು. ದೊಡ್ಡ ಅಳತೆಯ ಬುಷಿಂಗ್ ಹಾಕಿ ಸರಿಪಡಿಸಬಹುದಾದರೂ ಅದು ಗನ್‌ಸ್ಮಿತ್ ಕೆಲಸ.

ಸ್ಲೈಡ್ ಮತ್ತು ನಳಿಗೆ

ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ. ಅಡ್ಡಲಾಗಿ ಉಂಗುರದಂಥ ನೆರಳು ಕಂಡರೆ ಹಿಂದೊಮ್ಮೆ ಗುಂಡು ಸಿಕ್ಕಿಕೊಂಡಿದ್ದಾಗ ಇನ್ನೊಂದು ಹಾರಿ ನಳಿಗೆ ಉಬ್ಬಿರಬಹುದು. ನಳಿಗೆಯ ಮೇಲಿನ ಲಾಕಿಂಗ್ ಲಗ್‌ಗಳ ಅಂಚು ಚೂಪಾಗಿರಬೇಕು. ಸ್ಲೈಡ್ ಮುಚ್ಚಿ, ಮೇಲೆ ಕಾಣುವ ನಳಿಗೆಯ ಹಿಂಭಾಗವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಅದು ಸುಲಭವಾಗಿ ಕೆಳಗಿಳಿದರೆ ಬೆಸುಗೆ ಸಡಿಲವಾಗಿದೆ.

ಎಕ್ಸ್‌ಟ್ರಾಕ್ಟರ್ ಈ ವಿನ್ಯಾಸದಲ್ಲಿ ಸ್ವತಃ ಒಂದು ಸ್ಪ್ರಿಂಗ್ ಉಕ್ಕಿನ ಕಡ್ಡಿ. ಅದರ ಬಾಗೇ ಅದರ ಬಿಗಿ. ಬಿಚ್ಚಿದ ಸ್ಲೈಡಿಗೆ ಡಮ್ಮಿ ತೋಟಾವನ್ನು ಕೆಳಗಿನಿಂದ ಜಾರಿಸಿ ಅದರ ಕೊಕ್ಕೆಗೆ ಸಿಕ್ಕಿಸಿ. ಮೆಲ್ಲಗೆ ಅಲ್ಲಾಡಿಸಿದಾಗ ಬೀಳಬಾರದು, ಸಿಕ್ಕಿಸಲು ಬಲ ಹಾಕಬೇಕಾಗಿಯೂ ಬರಬಾರದು.

ಸುರಕ್ಷತೆಯ ಪರೀಕ್ಷೆ

ಪಿಸ್ತೂಲನ್ನು ಜೋಡಿಸಿ, ಖಾಲಿ ಎಂದು ಮತ್ತೊಮ್ಮೆ ನೋಡಿ, ಹ್ಯಾಮರ್ ಎತ್ತಿ. ಹೆಬ್ಬೆರಳಿನ ಸೇಫ್ಟಿ ಮೇಲಿಟ್ಟು, ಹಿಡಿಯನ್ನು ಪೂರ್ತಿ ಹಿಡಿದು ಟ್ರಿಗರನ್ನು ಬಲವಾಗಿ ಎಳೆದು ಬಿಡಿ. ಈಗ ಸೇಫ್ಟಿ ಇಳಿಸಿ. ಹ್ಯಾಮರ್ ಬೀಳಬಾರದು. ಬಳಿಕ ಹ್ಯಾಮರನ್ನು ಬೆರಳಿನಿಂದ ಕೂದಲೆಳೆಯಷ್ಟು ಹಿಂದಕ್ಕೆಳೆಯುತ್ತ ಕಿವಿಗೊಡಿ. ಸಣ್ಣ ‘ಟಿಕ್’ ಸದ್ದು ಬಂದರೆ ಸೇಫ್ಟಿ ಇದ್ದಾಗಲೇ ಹ್ಯಾಮರನ್ನು ಎತ್ತಿ ಹಿಡಿಯುವ ಒಳಗಿನ ಸಿಯರ್ ಕದಲಿದೆ. ಅಂಥ ಪಿಸ್ತೂಲನ್ನು ಸರಿಪಡಿಸುವವರೆಗೆ ತುಂಬಬಾರದು.

ಎರಡನೆಯದಾಗಿ, ಹಿಡಿಯ ಹಿಂದಿನ ಸೇಫ್ಟಿಯನ್ನು ಒತ್ತದಂತೆ ಹಿಡಿದು ಟ್ರಿಗರ್ ಎಳೆಯಿರಿ. ಹ್ಯಾಮರ್ ಬೀಳಬಾರದು. ಮೂರನೆಯದಾಗಿ, ಸ್ಲೈಡನ್ನು ಕಾಲು ಇಂಚು ಹಿಂದೆ ಹಿಡಿದು ಟ್ರಿಗರ್ ಎಳೆದು, ಹಾಗೇ ಹಿಡಿದು ಸ್ಲೈಡ್ ಬಿಡಿ. ಆಗಲೂ ಬೀಳಬಾರದು. ಟ್ರಿಗರ್ ಬಿಟ್ಟು ಮತ್ತೆ ಎಳೆದಾಗ ಮಾತ್ರ ಬೀಳಬೇಕು. ಕೊನೆಯದಾಗಿ ಖಾಲಿ ಮ್ಯಾಗಜಿನ್ ಹಾಕಿ ಸ್ಲೈಡ್ ಎಳೆದರೆ ಅದು ತೆರೆದೇ ನಿಲ್ಲಬೇಕು. ಖಾಲಿ ಚೇಂಬರಿನ ಮೇಲೆ ಸ್ಲೈಡನ್ನು ಪದೇಪದೇ ಬೀಳಿಸುವ ಚಟ ಬೇಡ. ಹ್ಯಾಮರ್ ಮತ್ತು ಸಿಯರ್ ಕೂಡುವ ಸೂಕ್ಷ್ಮ ಅಂಚುಗಳಿಗೆ ಅದು ಹಾನಿ ಮಾಡುತ್ತದೆ.

ಕೋಲ್ಟ್ 1983ರಿಂದ ತಂದ ಸೀರೀಸ್ 80 ಪಿಸ್ತೂಲುಗಳಲ್ಲಿ ಟ್ರಿಗರ್ ಎಳೆಯದೆ ಫೈರಿಂಗ್ ಪಿನ್ ಮುಂದೆ ಹೋಗದಂತೆ ತಡೆಯುವ ಹೆಚ್ಚುವರಿ ಏರ್ಪಾಡಿದೆ. ಹಿಂದಿನ ಮಾಲೀಕರು ಟ್ರಿಗರ್ ಹಗುರವಾಗಲೆಂದು ಆ ಭಾಗಗಳನ್ನು ಕಿತ್ತಿದ್ದರೆ ಮರಳಿ ಹಾಕಿಸಿ. ಬದಲಿ ಎಕ್ಸ್‌ಟ್ರಾಕ್ಟರ್ ಕೊಳ್ಳುವಾಗಲೂ ಸೀರೀಸ್ 80ಕ್ಕೆ ಹೊಂದುವುದನ್ನೇ ಕೇಳಿ ಪಡೆಯಿರಿ.

ಯಾವ ಭಾಗ ಮೊದಲು ಬದಲಿಸಬೇಕು

ಮೊದಲ ಖರ್ಚು ರಿಕಾಯಿಲ್ ಸ್ಪ್ರಿಂಗಿಗೆ. ಹಿಂದಿನವರು ಎಷ್ಟು ಗುಂಡು ಹಾರಿಸಿದ್ದಾರೆ ಎಂಬುದಕ್ಕೆ ಲೆಕ್ಕ ಸಿಗುವುದಿಲ್ಲ, ಸ್ಪ್ರಿಂಗ್ ಮಾತ್ರ ಅಗ್ಗ. 5 ಇಂಚಿನ .45 ಪಿಸ್ತೂಲಿಗೆ 16 ಪೌಂಡ್ ಸ್ಪ್ರಿಂಗ್ ವಾಡಿಕೆಯಾದರೆ ಕಮಾಂಡರ್‌ಗೆ 18 ಪೌಂಡ್. ಓಡುವ ದಾರಿ ಚಿಕ್ಕದು, ಸ್ಲೈಡ್ ಹಗುರ, ಆದ್ದರಿಂದ ತಡೆಯುವ ಬಲ ಹೆಚ್ಚು ಬೇಕು. ಸ್ಪ್ರಿಂಗ್ ಸೋತರೆ ಸ್ಲೈಡ್ ಫ್ರೇಮಿಗೆ ಜೋರಾಗಿ ಬಡಿಯುತ್ತದೆ. ಹಾಗೆಂದು ಇನ್ನೂ ಬಿರುಸಾದದ್ದನ್ನು ಹಾಕಿದರೆ ಫ್ರೇಮ್ ಉಳಿಯುತ್ತದೆ ಎಂದುಕೊಳ್ಳುವುದು ತಪ್ಪು. ಆಗ ಸ್ಲೈಡ್ ಮುಂದಕ್ಕೆ ಬರುವ ಹೊಡೆತ ಹೆಚ್ಚುತ್ತದೆ, ನಳಿಗೆಯ ಅಡಿ ಸ್ಲೈಡ್ ಸ್ಟಾಪಿನ ಪಿನ್ನಿಗೆ ಬಡಿಯುತ್ತದೆ, ಆ ಪಿನ್ ಕೂತಿರುವುದು ಅದೇ ಮೆದು ಲೋಹದ ತೂತಿನಲ್ಲಿ. ಸರಿಯಾದ ಬಲದ ಸ್ಪ್ರಿಂಗ್ ಹಾಕಿ, ಆಗಾಗ ಹೊಸದು ಮಾಡುವುದೇ ಉತ್ತಮ. ಜೊತೆಗೆ ಫೈರಿಂಗ್ ಪಿನ್ನಿನ ಸ್ಪ್ರಿಂಗನ್ನೂ ಬದಲಿಸಿ. ಪಿಸ್ತೂಲು ಕೈಜಾರಿ ಬಿದ್ದಾಗ ಪಿನ್ ಮುಂದೆ ನುಗ್ಗದಂತೆ ತಡೆಯುವುದು ಅದು. ಕಮಾಂಡರ್‌ನ ರಿಕಾಯಿಲ್ ಸ್ಪ್ರಿಂಗ್, ಅದರ ಪ್ಲಗ್, ನಳಿಗೆಯ ಬುಷಿಂಗ್, ಎಜೆಕ್ಟರ್ ಇವೆಲ್ಲ ಉದ್ದ ಪಿಸ್ತೂಲಿನವಲ್ಲ ಎಂಬುದು ನೆನಪಿರಲಿ.

ಎರಡನೆಯ ಖರ್ಚು ಮ್ಯಾಗಜಿನ್‌ಗೆ. ತೋಟಾ ಸಿಕ್ಕಿಕೊಳ್ಳುವ ತೊಂದರೆ ಬಹಳ ಸಲ ಇಲ್ಲಿಂದಲೇ ಬರುತ್ತದೆ. ತುಟಿಗಳು ಅಗಲಿರುವ, ಸ್ಪ್ರಿಂಗ್ ಸತ್ತ ಹಳೆಯ ಮ್ಯಾಗಜಿನ್ ಎಸೆದು ಒಳ್ಳೆಯ ಹೆಸರಿನ ಒಂದೆರಡನ್ನು ಕೊಳ್ಳಿ. ಅಲ್ಯೂಮಿನಿಯಂ ಫ್ರೇಮಿಗೆ ವಿಶೇಷವಾಗಿ ನೋಡಬೇಕಾದದ್ದು ತೋಟಾ ಎತ್ತುವ ತಟ್ಟೆಯನ್ನು. ಕೊನೆಯ ತೋಟಾ ಹೋಗುವಾಗ ಅದು ಮುಂದಕ್ಕೆ ಜಾರಿ ಇಳಿಜಾರನ್ನು ಕುಟ್ಟದಂಥ ವಿನ್ಯಾಸವಿರಬೇಕು.

ಮೂರನೆಯದು ಸ್ಲೈಡಿನ ಹಿಂಬದಿಯಲ್ಲಿ ಫೈರಿಂಗ್ ಪಿನ್ನನ್ನು ಹಿಡಿದಿಡುವ ತಟ್ಟೆ, ಫೈರಿಂಗ್ ಪಿನ್ ಸ್ಟಾಪ್. ಮೂಲ ಬ್ರೌನಿಂಗ್ ವಿನ್ಯಾಸದಲ್ಲಿ ಅದರ ಕೆಳ ಅಂಚು ಬಹುತೇಕ ಚೌಕವಾಗಿತ್ತು. ಮುಂದೆ ಸ್ಲೈಡ್ ಎಳೆಯಲು ಸುಲಭವಾಗಲೆಂದು ಅದನ್ನು ದುಂಡಗೆ ಮಾಡಲಾಯಿತು. ಚೌಕ ಅಂಚಿನದನ್ನು ಹಾಕಿದರೆ ಹ್ಯಾಮರನ್ನು ಎತ್ತಲು ಸ್ಲೈಡ್ ಹೆಚ್ಚು ಶ್ರಮಪಡಬೇಕು, ಅದರ ಓಟ ಶುರುವಿನಲ್ಲೇ ನಿಧಾನವಾಗುತ್ತದೆ. ಸ್ಪ್ರಿಂಗ್ ಬಿರುಸು ಮಾಡದೆಯೇ ಫ್ರೇಮಿಗೆ ಪೆಟ್ಟು ಕಡಿಮೆ. ಇದನ್ನು ಅಳತೆಗೆ ಉಜ್ಜಿ ಕೂರಿಸಬೇಕಾದ್ದರಿಂದ ತಿಳಿದವರಿಗೇ ಕೊಡಿ.

ಇಷ್ಟಾದ ಮೇಲೆ ಕಣ್ಣಿಗೆ ಕಾಣುವಂಥ ಗುರಿಕಂಬಗಳು. ಹಳೆಯ ಕಮಾಂಡರ್‌ನ ಗುರಿಕಂಬಗಳು ತೀರ ಸಣ್ಣವು, ವಯಸ್ಸಾದ ಕಣ್ಣಿಗೆ ಕಷ್ಟ. ಹ್ಯಾಮರ್ ಕೈಯ ಚರ್ಮ ಕಚ್ಚುತ್ತದೆ ಎಂದು ಉದ್ದ ಬಾಲದ ಗ್ರಿಪ್ ಸೇಫ್ಟಿ ಹಾಕಿಸುವವರಿದ್ದಾರೆ. ಅದಕ್ಕೆ ಹಲವು ಸಲ ಫ್ರೇಮನ್ನೇ ಕೊರೆಯಬೇಕಾಗುತ್ತದೆ, ಕೊರೆದದ್ದು ಮರಳಿ ಬಾರದು. ಹ್ಯಾಮರ್, ಸಿಯರ್, ಟ್ರಿಗರ್ ಒತ್ತಡದ ಕೆಲಸವನ್ನು ಮನೆಯಲ್ಲಿ ಮಾಡಲೇಬೇಡಿ. ಅಲ್ಲಿನ ತಪ್ಪು ಕೈ ತಾಗದೆ ಗುಂಡು ಹಾರುವಲ್ಲಿಗೆ ಮುಟ್ಟುತ್ತದೆ.

ಮೊದಲ ಸಲ ರೇಂಜಿನಲ್ಲಿ

ಕಣ್ಣು, ಕಿವಿಗಳಿಗೆ ರಕ್ಷಣೆ ಧರಿಸಿ. ಮೊದಲು ಒಂದೇ ತೋಟಾ, ಆಮೇಲೆ ಎರಡು ಮಾತ್ರ ತುಂಬಿ. ಒಮ್ಮೆ ಎಳೆದಾಗ ಎರಡೂ ಹಾರಿದರೆ ಅಲ್ಲಿಗೇ ನಿಲ್ಲಿಸಿ ಗನ್‌ಸ್ಮಿತ್‌ಗೆ ಕೊಡಿ. ಎಲ್ಲ ಸರಿಯಿದ್ದರೆ ಮಾತ್ರ ಮ್ಯಾಗಜಿನ್ ತುಂಬಿ. ಅಭ್ಯಾಸಕ್ಕೆ 230 ಗ್ರೇನ್ ತೂಕದ ಸಾಮಾನ್ಯ ಒತ್ತಡದ ದುಂಡು ಮೂತಿಯ ತೋಟಾ ಸಾಕು. ಹೆಚ್ಚು ಒತ್ತಡದವನ್ನು ಅಭ್ಯಾಸಕ್ಕೆ ಬಳಸಿದರೆ ಫ್ರೇಮಿನ ಆಯಸ್ಸು ಕರಗುತ್ತದೆ. ಪ್ರತಿ ಸಲ ಹಳಿಗಳಿಗೆ ಗ್ರೀಸ್ ಹಚ್ಚಿ, ಶುಚಿ ಮಾಡುವಾಗ ಆ ಐದು ಜಾಗಗಳನ್ನು ನೋಡಿ.

ಕನ್ನಡಿಗರಿಗೆ ಕಾನೂನಿನ ಮಾತು

ಅಮೆರಿಕದಲ್ಲಿ ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಕೊಳ್ಳುವುದು ಮಾತ್ರವಲ್ಲ, ಇಟ್ಟುಕೊಳ್ಳುವುದನ್ನೂ ಕೇಂದ್ರ ಕಾನೂನು ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧವಿಲ್ಲ. ಬೇರೆ ರಾಜ್ಯದವರಿಂದ ಪಿಸ್ತೂಲು ಕೊಳ್ಳುವಾಗ ಪರವಾನಗಿ ಪಡೆದ ವ್ಯಾಪಾರಿಯ ಮೂಲಕವೇ ಹಸ್ತಾಂತರವಾಗಬೇಕು. ಭಾರತದಲ್ಲಿ .45 ರಿಮ್‌ಲೆಸ್ ಮತ್ತು 9 ಎಂ.ಎಂ. ಸೇನಾ ತೋಟಾ ಹಾರಿಸಬಲ್ಲ ಪಿಸ್ತೂಲುಗಳು ನಿಷೇಧಿತ ಬೋರ್‌ಗೆ ಸೇರಿವೆ. ಇಲ್ಲಿನ ಪರವಾನಗಿದಾರರ ಕೈಯಲ್ಲಿ .32 ಪಿಸ್ತೂಲುಗಳೇ ಹೆಚ್ಚಾಗಿರುವುದು ಇದೇ ಕಾರಣಕ್ಕೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ದುರಸ್ತಿಯ ಕಸುಬಿಗೂ ಪರವಾನಗಿ ಬೇಕು. ಊರಿನಲ್ಲಿರುವ ಪಿಸ್ತೂಲಿನ ಸ್ಪ್ರಿಂಗ್ ಸೋತಿದ್ದರೆ ಪರವಾನಗಿ ಇರುವ ಅಂಗಡಿಗೇ ಒಯ್ಯಿರಿ.

ಕೊನೆಗೆ ಕೊಳ್ಳುವ ನಿರ್ಧಾರ. ಬಣ್ಣ ಮಾಸಿದ, ಸ್ಪ್ರಿಂಗ್ ಸೋತ, ಮ್ಯಾಗಜಿನ್ ಕೆಟ್ಟ, ಎಕ್ಸ್‌ಟ್ರಾಕ್ಟರ್ ಸಡಿಲವಾದ ಕಮಾಂಡರ್ ಕಡಿಮೆ ಬೆಲೆಗೆ ಸಿಕ್ಕರೆ ಧೈರ್ಯವಾಗಿ ಕೊಳ್ಳಿ, ಅವೆಲ್ಲ ದುಡ್ಡಿನಿಂದ ಸರಿಹೋಗುವಂಥವು. ಹೊರಗೆ ಮಿರುಗುತ್ತಿದ್ದರೂ ಇಳಿಜಾರು ಗುಳಿಬಿದ್ದ, ಪಿನ್ನಿನ ತೂತು ಹಿಗ್ಗಿದ, ಹಳಿ ಬಿರಿದ ಫ್ರೇಮ್ ಕಂಡರೆ ಬೆಲೆ ಎಷ್ಟೇ ಇಳಿಸಿದರೂ ಬಿಟ್ಟು ಬನ್ನಿ.