ಕೋಸ್ಟರ್ ಹೊಲದ ಬೇಸಿಗೆ ಶಾಲೆ

ಅಮೆರಿಕದ ಇಲಿನಾಯ್ ನದಿ ಮಿಸಿಸಿಪ್ಪಿಯನ್ನು ಕೂಡುವ ಮುನ್ನ ಹಾದುಹೋಗುವ ಕಣಿವೆಯಲ್ಲಿ ಥಿಯೋಡೋರ್ ಕೋಸ್ಟರ್ ಎಂಬ ರೈತನ ಹೊಲವಿತ್ತು. 1969ರಿಂದ 1978ರವರೆಗೆ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸ್ಟುವರ್ಟ್ ಸ್ಟ್ರೂವರ್ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಅಲ್ಲಿ ಉತ್ಖನನ ನಡೆಸಿದರು. ಪಕ್ಕದ ದಿಬ್ಬದಿಂದ ಮಳೆನೀರಿನ ಜೊತೆ ಇಳಿದುಬಂದ ಮಣ್ಣು, ಜನ ಬಿಟ್ಟುಹೋದ ಒಂದೊಂದು ನೆಲೆಯನ್ನೂ ಮುಚ್ಚುತ್ತಾ ಬಂದಿತ್ತು. ಹೀಗಾಗಿ ಸಾವಿರಾರು ವರ್ಷಗಳ ವಸತಿಗಳು ಒಂದರ ಮೇಲೊಂದು, ಹೆಚ್ಚು ಕಲಸಿಹೋಗದೆ ಉಳಿದಿದ್ದವು. ಗುಳಿ 30 ಅಡಿಗೂ ಕೆಳಗೆ ಇಳಿಯಿತು. ಹತ್ತಿರದ ಕ್ಯಾಂಪ್ಸ್‌ವಿಲ್ ಎಂಬ ಪುಟ್ಟ ಊರಿನ ಹಳೆಯ ಅಂಗಡಿ, ಮನೆಗಳು ಪ್ರಯೋಗಾಲಯಗಳಾದವು: ಒಂದರಲ್ಲಿ ಮೂಳೆ, ಇನ್ನೊಂದರಲ್ಲಿ ಬೀಜ, ಮತ್ತೊಂದರಲ್ಲಿ ಚಿಪ್ಪು. ಅಮೆರಿಕದ ವಿಶ್ವವಿದ್ಯಾಲಯಗಳು ನಡೆಸುವ ‘ಫೀಲ್ಡ್ ಸ್ಕೂಲ್’ ಎಂಬ ಬೇಸಿಗೆ ಉತ್ಖನನ ಶಾಲೆಯನ್ನು ಪರಿಚಯಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಕೆಲವು ವಾರಗಳ ತರಬೇತಿ, ಅದಕ್ಕೆ ಶುಲ್ಕ, ಕೊನೆಯಲ್ಲಿ ಪದವಿಗೆ ಸೇರುವ ಅಂಕ; ಹೊರಗಿನಿಂದ ನೋಡಿದರೆ ಇಷ್ಟೇ. ಅಲ್ಲಿ ಮೇ ತಿಂಗಳಿಗೆ ತರಗತಿ ಮುಗಿಯುತ್ತದೆ, ನೆಲವೂ ಹದವಾಗಿರುತ್ತದೆ. (ನಮ್ಮ ಬಳ್ಳಾರಿಯಲ್ಲಿ ಮೇ ತಿಂಗಳಲ್ಲಿ ಗುಳಿಗಿಳಿಯುವ ಮಾತೇ ಇಲ್ಲ, ಇಲ್ಲಿ ಅಗೆತದ ಕಾಲ ಚಳಿಗಾಲ.)

ಈ ಪದ್ಧತಿಯ ಮೇಲಿನ ಮೊದಲ ಆಕ್ಷೇಪ ಎಲ್ಲರಿಗೂ ಹೊಳೆಯುವಂಥದ್ದು. ಉತ್ಖನನವೆಂದರೆ ವಿನಾಶ. ಒಮ್ಮೆ ಅಗೆದ ಪದರವನ್ನು ಮತ್ತೆ ಅಗೆಯಲಾಗದು. ಇಂಥ ಸಾಕ್ಷ್ಯವನ್ನು ಕರಣೆ ಹಿಡಿಯಲು ಈಗಷ್ಟೇ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಒಪ್ಪಿಸುವುದು, ಎಂಬಿಬಿಎಸ್ ಮೊದಲ ವರ್ಷದವರ ಕೈಗೆ ಶಸ್ತ್ರಚಿಕಿತ್ಸೆಯ ಕತ್ತಿ ಕೊಟ್ಟಂತೆ ಅಲ್ಲವೇ? ಆಕ್ಷೇಪದಲ್ಲಿ ಹುರುಳಿದೆ. ಆದರೆ ಗುಳಿಯಲ್ಲಿ ದಿನವಿಡೀ ನಡೆಯುವುದು ಏನೆಂದು ನೋಡಿದರೆ ಅದರ ತೂಕ ಇಳಿಯುತ್ತದೆ. ಕಂಬ ನೆಟ್ಟಿದ್ದ ಒಂದು ಕುಳಿಯನ್ನೇ ತೆಗೆದುಕೊಳ್ಳಿ. ಮರ ಕೊಳೆತು ಹೋಗಿ ಸಾವಿರಾರು ವರ್ಷವಾಗಿದೆ, ಉಳಿದಿರುವುದು ಹಳದಿ ಮಣ್ಣಿನ ನಡುವೆ ಅಂಗೈ ಅಗಲದ ಒಂದು ಕಪ್ಪು ವೃತ್ತ. ವಿದ್ಯಾರ್ಥಿ ಅದರ ಮೇಲ್ಮೈಯನ್ನು ಕರಣೆಯಿಂದ ತೆಳ್ಳಗೆ ಹೆರೆದು, ನೀರು ಚಿಮುಕಿಸಿ, ಚಿಟಿಕೆ ಮಣ್ಣನ್ನು ಮುನ್ಸೆಲ್ ಬಣ್ಣಪಟ್ಟಿಯ ಪಕ್ಕಕ್ಕೆ ಹಿಡಿದು ಸಂಖ್ಯೆ ಬರೆದುಕೊಳ್ಳಬೇಕು. ಆಮೇಲೆ ಅಳತೆ, ನಕ್ಷೆ, ಫೋಟೊ. ನಂತರ ಅರ್ಧ ಭಾಗವನ್ನು ಮಾತ್ರ ತೆಗೆದು, ಉಳಿದರ್ಧದ ಗೋಡೆಯಲ್ಲಿ ಕುಳಿಯ ಆಕಾರ ನೋಡಬೇಕು. ಕಂಬದ ಕುಳಿಯಾದರೆ ಅಂಚು ನೇರ ಇಳಿದಿರುತ್ತದೆ. ಇಲಿಯ ಬಿಲವಾದರೆ ಎಲ್ಲೋ ತಿರುಗಿ ಹೋಗುತ್ತದೆ. ತೆಗೆದ ಮಣ್ಣು ಗುರುತುಚೀಟಿ ಹೊತ್ತು ಚೀಲ ಸೇರುತ್ತದೆ. ಇದರಲ್ಲಿ ಪ್ರತಿಭೆಗೆ ಜಾಗ ಕಡಿಮೆ, ಪಾಲಿಸಬೇಕಾದ ಕ್ರಮವೇ ಹೆಚ್ಚು.

ನನ್ನ ವಾದ ಇಲ್ಲಿಂದಲೇ ಶುರು. ಕಲಿಯುವವರು ಇರುವುದರಿಂದಲೇ ಈ ಗುಳಿಗಳಲ್ಲಿ ದಾಖಲೆ ಗಟ್ಟಿಯಾಗುತ್ತದೆ. ಮೂವತ್ತು ವರ್ಷ ಅಗೆದ ಪಂಡಿತರು ಮಣ್ಣನ್ನು ಒಮ್ಮೆ ನೋಡಿ ‘ಇದು ಒಲೆ’ ಎಂದು ತೀರ್ಮಾನಿಸಿ ಮುಂದಕ್ಕೆ ಹೋಗಬಹುದು. ಹೇಗೆ ಗೊತ್ತಾಯಿತು ಎಂಬುದು ಅವರ ತಲೆಯಲ್ಲೇ ಉಳಿಯುತ್ತದೆ. ಹೊಸಬರಿಗೆ ಕಲಿಸಬೇಕೆಂದರೆ ಅದನ್ನು ಬಾಯಿಬಿಟ್ಟು ಹೇಳಲೇಬೇಕು, ಹೊಸಬರು ಅದನ್ನು ಬರೆಯಲೇಬೇಕು. ಮತ್ತೊಬ್ಬರು ಆ ಟಿಪ್ಪಣಿ ಹಿಡಿದು ‘ಒಲೆಯಲ್ಲ’ ಎಂದು ವಾದಿಸಲು ಸಾಧ್ಯವಾಗುವುದು ಆಗ ಮಾತ್ರ. ಹಾಗೆಂದು ವಿದ್ಯಾರ್ಥಿಗಳು ತಪ್ಪು ಮಾಡುವುದಿಲ್ಲವೇ? ಧಾರಾಳವಾಗಿ ಮಾಡುತ್ತಾರೆ. ಮೇಲ್ವಿಚಾರಕರು ಸಾಲದೆ ಹೋದರೆ ಒಂದು ಬೇಸಿಗೆಯಲ್ಲಿ ಇಡೀ ನೆಲೆ ಹಾಳಾದೀತು. ಆದರೂ ಬರೆದಿಟ್ಟ ತಪ್ಪನ್ನು ಹಿಡಿಯಬಹುದು, ಬರೆಯದೆ ಬಿಟ್ಟ ಸರಿಯನ್ನು ಪರೀಕ್ಷಿಸುವ ದಾರಿ ಯಾವುದು?

ಕೋಸ್ಟರ್‌ನ ನಾಯಿಗಳು ಇದಕ್ಕೆ ಸಾಕ್ಷಿ. ಕೆಳಗಿನ ಪದರವೊಂದರಲ್ಲಿ, ಬೇಟೆಯ ತ್ಯಾಜ್ಯದಂತೆ ಎಸೆಯದೆ, ಗುಂಡಿ ತೋಡಿ ಹೂತಿದ್ದ ನಾಯಿಗಳ ಅಸ್ಥಿಪಂಜರಗಳು 1970ರ ದಶಕದಲ್ಲಿ ಸಿಕ್ಕವು. ಗುಳಿ ಮುಚ್ಚಿ ನಾಲ್ಕು ದಶಕವಾದ ಮೇಲೆ ಸಂಶೋಧಕರು ಮೂಳೆಗಳನ್ನೇ ನೇರವಾಗಿ ರೇಡಿಯೋಕಾರ್ಬನ್ ಪರೀಕ್ಷೆಗೆ ಒಡ್ಡಿ, ಅವು ಸುಮಾರು 10,000 ವರ್ಷ ಹಳೆಯವು, ಅಮೆರಿಕ ಖಂಡಗಳಲ್ಲಿ ಅಲ್ಲಿಯವರೆಗೆ ಗುರುತಿಸಿದ್ದ ಅತಿ ಪ್ರಾಚೀನ ಸಾಕುನಾಯಿಗಳಲ್ಲಿ ಸೇರಿದವು ಎಂದು 2019ರಲ್ಲಿ ಪ್ರಕಟಿಸಿದರು. ಯಾವ ಮೂಳೆ ಯಾವ ಪದರದ್ದು, ಹೇಗೆ ಮಲಗಿತ್ತು ಎಂದು ಅಂದು ಯಾರೋ ಬರೆದಿಡದಿದ್ದರೆ ಇಂದು ಅವು ಬರೀ ನಾಯಿಮೂಳೆಗಳು.

ಇನ್ನೊಂದು ಸಾಕ್ಷಿ ನಮ್ಮ ನೆಲದವರೆಗೂ ಬರುತ್ತದೆ. ಅಗೆದ ಮಣ್ಣನ್ನು ನೀರಿಗೆ ಹಾಕಿ ಕಲಕಿದರೆ ಸುಟ್ಟು ಕರಿಕಾದ ಬೀಜ, ಸಿಪ್ಪೆಗಳು ತೇಲುತ್ತವೆ. ಅವನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಹಿಡಿಯಬಹುದು. ಈ ತೇಲಿಸುವ ವಿಧಾನವನ್ನು ಅದೇ ಕಣಿವೆಯಲ್ಲಿ ಪಳಗಿಸಿ, 1968ರಲ್ಲಿ ಲೇಖನ ಬರೆದು ಜನಪ್ರಿಯಗೊಳಿಸಿದವರು ಸ್ಟ್ರೂವರ್. ಕಣ್ಣಿಗೆ ಬೀಳುವ ಬಾಣದ ಮೊನೆಗಳನ್ನೇ ಎಣಿಸುತ್ತಿದ್ದ ಶಾಸ್ತ್ರಕ್ಕೆ ಜನ ಏನು ತಿನ್ನುತ್ತಿದ್ದರು ಎಂದು ಕೇಳುವ ದಾರಿ ತೆರೆಯಿತು. ಆದರೆ ಚೀಲಗಟ್ಟಲೆ ಮಣ್ಣು ತೊಳೆದು, ಒಣಗಿಸಿ, ಚಿಮಟದಲ್ಲಿ ಕಾಳು ಆರಿಸಲು ಅಪಾರ ಕೈಗಳು ಬೇಕು. ಶಾಲೆ ಒದಗಿಸಿದ್ದು ಆ ಕೈಗಳನ್ನು. 1990ರ ದಶಕದ ಕೊನೆಗೆ ಡೋರಿಯನ್ ಫುಲ್ಲರ್, ಧಾರವಾಡದ ರವಿ ಕೋರಿಶೆಟ್ಟರ್ ಮೊದಲಾದ ಪುರಾತತ್ವಜ್ಞರು ಸಂಗನಕಲ್ಲಿನಂಥ ದಕ್ಷಿಣದ ನವಶಿಲಾಯುಗದ ನೆಲೆಗಳ ಮಣ್ಣನ್ನು ಹೀಗೆಯೇ ತೇಲಿಸಿದಾಗ ಹುರುಳಿ, ಹೆಸರು, ಕೊರಲೆಗಳ ಕಾಳು ಸಿಕ್ಕವು. ದಕ್ಷಿಣ ಭಾರತದಲ್ಲಿ ಕೃಷಿ ಸ್ಥಳೀಯ ಬೆಳೆಗಳಿಂದಲೇ ಹುಟ್ಟಿರಬಹುದೆಂಬ ವಾದಕ್ಕೆ ಬಲ ಬಂದದ್ದು ಈ ಕರಿಕಾಳುಗಳಿಂದ.

ದುಡ್ಡಿನ ಆಕ್ಷೇಪಕ್ಕೆ ಇಷ್ಟು ಸುಲಭದ ಉತ್ತರವಿಲ್ಲ. 1966ರ ರಾಷ್ಟ್ರೀಯ ಐತಿಹಾಸಿಕ ಸಂರಕ್ಷಣಾ ಕಾಯ್ದೆಯ ನಂತರ ಅಮೆರಿಕದಲ್ಲಿ ಸರ್ಕಾರಿ ಹಣದ ರಸ್ತೆ, ಅಣೆಕಟ್ಟುಗಳಿಗೆ ಮುನ್ನ ಪುರಾತತ್ವ ಪರಿಶೀಲನೆ ಕಡ್ಡಾಯವಾಗುತ್ತಾ ಬಂತು, ಪುರಾತತ್ವಜ್ಞರಿಗೆ ಉದ್ಯೋಗವೂ ಹೆಚ್ಚಿತು. ಆ ಕೆಲಸಗಳಿಗೆ ಸಾಮಾನ್ಯವಾಗಿ ಕೇಳುವ ಮೊದಲ ಅರ್ಹತೆಯೇ ಫೀಲ್ಡ್ ಸ್ಕೂಲ್. ಬೇಸಿಗೆಯಲ್ಲಿ ದುಡಿದೇ ಮುಂದಿನ ವರ್ಷದ ಶುಲ್ಕ ಕಟ್ಟಬೇಕಾದ ವಿದ್ಯಾರ್ಥಿ, ಸಂಬಳ ಬಿಟ್ಟು ಮೇಲೆ ಹಣವನ್ನೂ ಕೊಟ್ಟು ಮಣ್ಣು ಅಗೆಯಲು ಹೋದಾನೆಯೇ? ವಿದ್ಯಾರ್ಥಿವೇತನ ಕೊಡುವ ಶಾಲೆಗಳೂ ಈಗ ಉಂಟು. ಅದೇ ಸರಿಯಾದ ದಾರಿ, ಉಳಿದದ್ದು ಸಮಜಾಯಿಷಿ. ಮೂಲನಿವಾಸಿಗಳ ಆಕ್ಷೇಪ ಇನ್ನೂ ಆಳದ್ದು. ಅದೇ ಇಲಿನಾಯ್‌ನ ಡಿಕ್ಸನ್ ಮೌಂಡ್ಸ್ ವಸ್ತುಸಂಗ್ರಹಾಲಯದಲ್ಲಿ 200ಕ್ಕೂ ಹೆಚ್ಚು ಅಸ್ಥಿಪಂಜರಗಳನ್ನು ತೆರೆದ ಸಮಾಧಿಗಳಲ್ಲಿ ಪ್ರದರ್ಶಿಸುತ್ತಿದ್ದರು. ಪ್ರತಿಭಟನೆಯ ನಂತರ 1992ರಲ್ಲಿ ಆ ಪ್ರದರ್ಶನ ಮುಚ್ಚಿತು. ಅದಕ್ಕೆ ಎರಡು ವರ್ಷ ಮೊದಲು, 1990ರಲ್ಲಿ, ಪೂರ್ವಜರ ಅವಶೇಷಗಳನ್ನು ಆಯಾ ಬುಡಕಟ್ಟುಗಳಿಗೆ ಹಿಂದಿರುಗಿಸುವ ಕಾನೂನು ಬಂದಿತ್ತು. ಯಾವುದನ್ನು ಅಗೆಯಬಾರದು ಎಂಬುದೂ ಪಾಠದ ಭಾಗವಾಗದ ಶಾಲೆ ಅರ್ಧ ಶಾಲೆಯೇ.

ನಮ್ಮಲ್ಲಿಯೂ ಈ ಪರಂಪರೆ ಇದೆ. ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1944ರಲ್ಲಿ ತಕ್ಷಶಿಲೆಯಲ್ಲಿ ತರಬೇತಿ ಶಾಲೆ ನಡೆಸಿದರು, 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದರು. ಆದರೆ ನಮ್ಮ ಗುಳಿಗಳಲ್ಲಿ ಕೆಲಸ ಸಾಮಾನ್ಯವಾಗಿ ಇಬ್ಭಾಗ: ಗುದ್ದಲಿ ಹಿಡಿಯುವವರು ಸುತ್ತಲ ಹಳ್ಳಿಯ ಕೂಲಿಕಾರರು, ಪುಸ್ತಕ ಹಿಡಿಯುವವರು ವಿದ್ಯಾರ್ಥಿಗಳು. ಮಣ್ಣಿನ ಬಣ್ಣ ಬದಲಾದದ್ದು ಮೊದಲು ತಿಳಿಯುವುದು ಗುದ್ದಲಿಯ ಕೈಗೆ. ಕೊರಲೆ ಬಿತ್ತಿ, ಕೇರಿ, ಕುಟ್ಟಿ ಗೊತ್ತಿರುವ ಹೆಂಗಸು ಜರಡಿಯಲ್ಲಿ ಉಳಿದ ಕರಿಕಾಳನ್ನು ಎಂ.ಎ. ವಿದ್ಯಾರ್ಥಿಗಿಂತ ಬೇಗ ಗುರುತಿಸಿಯಾಳು. ಹಾಗಿದ್ದ ಮೇಲೆ ಅವಳ ಮಾತು ಅವಳ ಹೆಸರಿನ ಸಮೇತ ಟಿಪ್ಪಣಿಯಲ್ಲಿ ಏಕೆ ಇರಬಾರದು?