ಗೀಜಗವು ನೆಲೆಯನ್ನು ಆಯುವ ಬಗೆ

ನಂಜನಗೂಡಿನಿಂದ ತಿರುಮಕೂಡಲು ನರಸೀಪುರದ ಕಡೆಗೆ ಮಳೆಗಾಲದಲ್ಲಿ ಪಯಣ ಮಾಡುವವರು, ನಾಲೆಯ ನೀರಿನಿಂದ ಹಸುರೇರಿದ ಭತ್ತದ ಬಯಲಿನ ನಡುವೆ, ಬಾವಿಯ ಮೇಲಕ್ಕೆ ಬಾಗಿದ ಜಾಲಿಯ ಕೊಂಬೆಯಲ್ಲಿಯೋ ತೋಟದಂಚಿನ ತೆಂಗಿನ ಗರಿಯ ತುದಿಯಲ್ಲಿಯೋ ತೂಗಾಡುವ ಗೀಜಗದ ಗೂಡುಗಳನ್ನು ಕಂಡಿರಬಹುದು. ಆ ಹೆಣಿಗೆಯ ಕೌಶಲವನ್ನು ಕೊಂಡಾಡದವರಿಲ್ಲ. ಆದರೆ ಹಕ್ಕಿಯು ಗೂಡನ್ನು ಹೇಗೆ ಹೆಣೆಯಿತೆಂಬುದಕ್ಕಿಂತ ಎಲ್ಲಿ ಹೆಣೆಯಿತೆಂಬುದೇ ನನಗೆ ಹೆಚ್ಚು ವಿಸ್ಮಯವನ್ನುಂಟುಮಾಡುವ ಸಂಗತಿ.

ಮುಂಗಾರು ಹಿಡಿದು ಪೈರು ಮೇಲೆದ್ದಾಗ, ನೆತ್ತಿಯಲ್ಲಿ ಅರಿಸಿನದ ಬಣ್ಣವನ್ನು ತಾಳಿದ ಗಂಡು ಗದ್ದೆಗಿಳಿದು, ಎಲೆಯ ಅಂಚನ್ನು ಕೊಕ್ಕಿನಿಂದ ಕಚ್ಚಿ ಹಿಡಿದು ಹಾರುತ್ತದೆ. ಎಲೆ ಉದ್ದಕ್ಕೆ ಸೀಳಿ, ಹಸಿನಾರೊಂದು ಬಾಲದಂತೆ ಅದರ ಹಿಂದೆ ತೇಲಿಬರುತ್ತದೆ. ಇಂತಹ ನೂರಾರು ನಾರುಗಳಿಂದ ಮೊದಲು ಬಳೆಯಂಥ ಸುತ್ತು, ಅನಂತರ ಶಿರಸ್ತ್ರಾಣದಂಥ ಅರೆಗೂಡು ಸಿದ್ಧವಾದ ಮೇಲೆ, ಗಂಡು ಕೆಲಸವನ್ನು ನಿಲ್ಲಿಸಿ, ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಒಳಹೊಕ್ಕು ಪರೀಕ್ಷಿಸಿ ಒಪ್ಪಿದರೆ ಮಾತ್ರ ಮೊಟ್ಟೆಯ ಕೋಣೆಯೂ ನೀಳವಾದ ಕೊಳವೆಯ ದ್ವಾರವೂ ಪೂರ್ಣಗೊಳ್ಳುವುವು. ಒಪ್ಪದಿದ್ದರೆ ಅರೆಗೂಡು ಹಾಗೆಯೇ ಒಣಗಿ ತೂಗುವುದು. 1930ರಲ್ಲಿ ಕೊಂಕಣ ತೀರದ ಕಿಹೀಮ್ ಗ್ರಾಮದಲ್ಲಿ ಈ ದಾಂಪತ್ಯವನ್ನು ದಿನವಿಡೀ ಕಾದು ನೋಡಿದ ಪಕ್ಷಿತಜ್ಞ ಸಲೀಂ ಅಲಿಯವರು, ಒಂದು ಗೂಡು ತುಂಬಿದೊಡನೆ ಗಂಡು ಮತ್ತೊಂದನ್ನು ಕಟ್ಟಿ ಬೇರೊಂದು ಹೆಣ್ಣನ್ನು ಕರೆಯುವುದೆಂದು ತೋರಿಸಿಕೊಟ್ಟರು. ಹೆಣ್ಣಿನ ಒಪ್ಪಿಗೆಯು ನೇಯ್ಗೆಯ ಅಂದಕ್ಕಿಂತ ನೆಲೆಯ ಗುಣವನ್ನೇ ಹೆಚ್ಚಾಗಿ ಅವಲಂಬಿಸಿರುವುದೆಂದು ಅನಂತರದ ಸಂಶೋಧನೆ ತಿಳಿಸುತ್ತದೆ: ಗೂಡು ಎತ್ತರದಲ್ಲಿರಬೇಕು, ಕೊಂಬೆ ತೆಳುವಾಗಿರಬೇಕು, ಮರ ಮುಳ್ಳಿನದಾದರೆ ಇನ್ನೂ ಲೇಸು. ಹಾವಿನ ಭಾರಕ್ಕೆ ಬಾಗುವ ಕೊಂಬೆ, ಕೆಳಗೆ ನೀರು, ಗಾಳಿಮಳೆಗೆ ಮರೆಯಾದ ಮಗ್ಗುಲು, ಕೂಗಳತೆಯಲ್ಲಿ ಗದ್ದೆ, ಇವಿಷ್ಟೂ ಕೂಡಿದೆಡೆ ಸಂಸಾರ ನಡೆಯುತ್ತದೆ.

ಇವುಗಳಲ್ಲಿ ಎಷ್ಟೋ ಮನುಷ್ಯನ ಕೈಯಿಂದಲೇ ಒದಗಿದುವು. ಬಾವಿಯನ್ನು ತೋಡಿದವನು ರೈತ. ತೆಂಗನ್ನು ನೆಟ್ಟವನೂ ಅವನೇ. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಪೂರ್ಣಗೊಂಡು ನಾಲೆಗಳು ಹರಿದ ಮೇಲೆ, ಮಳೆಯನ್ನೇ ನಂಬಿದ್ದ ಎಷ್ಟೋ ಹೊಲಗಳು ಗದ್ದೆಗಳಾದುವು. ಹಕ್ಕಿಗೆ ಇವು ಮನುಷ್ಯನವೆಂಬ ಎಣಿಕೆಯಿಲ್ಲ. ಮೂಲತಃ ಬಂಡೆಯ ಕಡಿದಾದ ಗೋಡೆಗಳಲ್ಲಿ ಬಾಳುತ್ತಿದ್ದ ಪಾರಿವಾಳಕ್ಕೆ ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ಎತ್ತರದ ಗೋಪುರವೂ ಒಂದು ಬಂಡೆಯೇ. ನೆಲದಿಂದ ಸುಲಭವಾಗಿ ಮೇಲೇಳಲಾರದೆ, ಸಾಮಾನ್ಯವಾಗಿ ಎತ್ತರದಿಂದ ಬಿದ್ದು ಹಾರತೊಡಗುವ ಬಾನಾಡಿಯೆಂಬ (ಸ್ವಿಫ್ಟ್) ಹಕ್ಕಿಗೆ ಸೇತುವೆಯ ಕಮಾನೇ ಗುಹೆ.

ಆದರೆ ನಾವು ಕೊಟ್ಟುದನ್ನು ನಾವೇ ಹಿಂತೆಗೆದುಕೊಳ್ಳುತ್ತಿರುವುದು ನನ್ನನ್ನು ಕಳವಳಗೊಳಿಸುತ್ತದೆ. ನಾಡಹೆಂಚಿನ ಸಂದಿಯಲ್ಲಿ ಮರಿಮಾಡುತ್ತಿದ್ದ ಗುಬ್ಬಚ್ಚಿಗೆ ತಾರಸಿಯ ಮನೆಯಲ್ಲಿ ಬೆರಳಗಲದ ಬಿಲವೂ ಇಲ್ಲ. ಕೊಳವೆಬಾವಿ ಬಂದ ಮೇಲೆ ತೆರೆದ ಬಾವಿಗಳು ಕಸದಿಂದ ತುಂಬುತ್ತಿವೆ. ಬದುವಿನ ಜಾಲಿ ಮೊದಲು ಕೊಡಲಿಗೆ ಸಿಗುವ ಮರ. ಕಡಿಯಲೇಬೇಕಾದರೂ ಮುಂಗಾರಿನಿಂದ ಮಾರ್ನವಮಿಯವರೆಗಾದರೂ ತಡೆದರೆ ಅದರಲ್ಲಿನ ಗೂಡುಗಳ ಮರಿಗಳು ಹಾರಿಹೋದಾವು.

ಕಳೆದ ಶ್ರಾವಣದಲ್ಲಿ ನರಸೀಪುರದ ದಾರಿಯಲ್ಲಿ ಇಂಥ ಬೋಳು ಬದುವೊಂದರ ಬಳಿ ನಿಂತೆ. ಮರವಿರಲಿಲ್ಲ. ನಾಲೆಯನ್ನು ದಾಟಿ ಹೋಗುವ ವಿದ್ಯುತ್ತಿನ ತಂತಿಗೆ, ನೀರಿನ ನೇರಕ್ಕೆ, ಐದು ಅರೆಗೂಡುಗಳು ಜೋತಿದ್ದುವು. ಅವುಗಳಲ್ಲೊಂದರ ಅಡ್ಡಪಟ್ಟಿಯಲ್ಲಿ ಕುಳಿತ ಗಂಡು, ಬೀಸುಗಾಳಿಗೆ ಗೂಡಿನೊಡನೆ ತಾನೂ ತೊನೆಯುತ್ತ, ರೆಕ್ಕೆ ಬಡಿದು ಕರೆಯುತ್ತಲೇ ಇತ್ತು.